ನಿಂತ ಮೋಟರಿಗೇ ಹೆಚ್ಚು ಆರೈಕೆ ಬೇಕು

ಪ್ರತಿವರ್ಷ ಆಟಿ ತಿಂಗಳು ಕಳೆಯುವ ಹೊತ್ತಿಗೆ ನನಗೆ ಬರುವ ಪತ್ರಗಳು ಒಂದೇ ಕಥೆ ಹೇಳುತ್ತವೆ. ಬೇಸಿಗೆಯಲ್ಲಿ ಯಂತ್ರ ಬಂದಿಳಿಯಿತು, ಕಟ್ಟಡದ ಕೆಲಸ ಮುಗಿಯಲಿಲ್ಲ, ಮಳೆ ಹಿಡಿಯಿತು, ಯಂತ್ರವನ್ನು ಭದ್ರವಾಗಿ ಸುತ್ತಿಟ್ಟೆವು, ಈಗ ತೆರೆದು ನೋಡಿದರೆ ತೇವ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಕಾರ್ಖಾನೆಗಳಲ್ಲಿ ಮೋಟರು, ವಿದ್ಯುತ್ ಪ್ಯಾನೆಲ್‌ಗಳ ನಡುವೆಯೇ ಬದುಕಿದವನು ನಾನು. ಒಂದು ದಿನವೂ ದುಡಿಯದ ಹೊಸ ಮೋಟರ್ ಸುಟ್ಟು ರಿವೈಂಡಿಂಗ್ ಅಂಗಡಿಯ ಬಾಗಿಲಲ್ಲಿ ಬಿದ್ದಿರುವುದನ್ನು ಕಂಡಾಗ ಇಂದಿಗೂ ಹೊಟ್ಟೆ ಉರಿಯುತ್ತದೆ. ತೂಕಕ್ಕೆ ತಕ್ಕ ಕ್ರೇನ್ ತರಿಸಿ, ಚಲನ್ ಹಿಡಿದು ಎಣಿಸಿಕೊಳ್ಳಿ ಎಂಬಂಥ ಮಾತುಗಳನ್ನು ಇಲ್ಲಿ ಹೇಳುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಯಂತ್ರ ತರಿಸಲೇಬಾರದು.

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದೊಂದು ಐಸ್ ಪ್ಲಾಂಟ್ ಇದೆ. 75 ಕಿಲೋವ್ಯಾಟ್‌ನ ಹೊಸ ಮೋಟರ್ ಮೇ ತಿಂಗಳಲ್ಲಿ ಬಂತು. ಫೌಂಡೇಶನ್ ಇನ್ನೂ ಆಗಿಲ್ಲ. ಹಳೆಯ ಕಂಪ್ರೆಸರ್ ಇರುವ ಶೆಡ್ಡಿನಲ್ಲೇ, ಪ್ಲಾಸ್ಟಿಕ್ ಹಾಳೆಯನ್ನು ಮೂರು ಸುತ್ತು ಸುತ್ತಿ ಹಗ್ಗ ಬಿಗಿದು ಇಟ್ಟಿದ್ದೆವು. ಒಂದು ಹನಿ ಮಳೆ ತಾಗಿಲ್ಲ. ಮೊನ್ನೆ ಮೆಗ್ಗರ್ (ಇನ್ಸುಲೇಶನ್ನಿನ ರೋಧ ಅಳೆಯುವ ಉಪಕರಣ) ಹಿಡಿದರೆ 0.8 ಮೆಗಾಓಮ್ ತೋರಿಸಿತು. ಲೋಡ್ ಇಲ್ಲದೆ ಎರಡು ಗಂಟೆ ಓಡಿಸಿದರೆ ತಾನೇ ಒಣಗುತ್ತದೆ ಎಂದು ನಮ್ಮ ಮೇಸ್ತ್ರಿ ಹೇಳುತ್ತಾರೆ. ಓಡಿಸಬಹುದೇ ಸರ್?

ಉತ್ತರ: ಓಡಿಸಬೇಡಿ. ಮೇಸ್ತ್ರಿಗೆ ಈ ಪತ್ರ ತೋರಿಸಿ, ಮೋಟರಿನ ಹತ್ತಿರ ಯಾರೂ ಕೇಬಲ್ ತರದಂತೆ ನೋಡಿಕೊಳ್ಳಿ. ಲೋಡ್ ಇಲ್ಲದಿದ್ದರೆ ಕರೆಂಟು ಕಡಿಮೆ ಹರಿಯುತ್ತದೆ, ನಿಜ. ಆದರೆ ಇನ್ಸುಲೇಶನ್, ಅಂದರೆ ತಂತಿಯಿಂದ ಕರೆಂಟು ಸೋರದಂತೆ ಕಾಯುವ ಹೊದಿಕೆ, ತಡೆದುಕೊಳ್ಳಬೇಕಾದ್ದು ವೋಲ್ಟೇಜನ್ನು. ಲೋಡ್ ಇರಲಿ, ಇಲ್ಲದಿರಲಿ, 415 ವೋಲ್ಟ್ ಎಂದರೆ 415 ವೋಲ್ಟೇ. ಸ್ವಿಚ್ ಒತ್ತಿದ ಕ್ಷಣದಲ್ಲೇ ತೇವ ಹಿಡಿದ ಸ್ಲಾಟಿನ (ತಂತಿ ಕೂರುವ ಕಬ್ಬಿಣದ ಸೀಳಿನ) ಮೂಲಕ ಅದು ಭೂಮಿಗೆ ದಾರಿ ಹುಡುಕುತ್ತದೆ. ಎರಡು ಗಂಟೆಯ ಮಾತು ಹಾಗಿರಲಿ, ಎರಡು ಸೆಕೆಂಡು ಸಾಕು. "ಓಡಿಸಿ ಒಣಗಿಸುವ" ಈ ಉಪದೇಶವನ್ನು ನಂಬಿ ಕಳೆದುಕೊಂಡ ಮೋಟರುಗಳನ್ನು ನಾನು ಬಹಳ ನೋಡಿದ್ದೇನೆ.

ಮೊದಲು ಆ 0.8ರ ಅರ್ಥ ತಿಳಿದುಕೊಳ್ಳಿ. ಮೆಗ್ಗರ್ ಹಿಡಿದಾಗ ವೈಂಡಿಂಗ್ (ಒಳಗಿನ ತಾಮ್ರದ ತಂತಿಯ ಸುರುಳಿ) ಎಷ್ಟು ಬೆಚ್ಚಗಿತ್ತು ಎಂದು ನೀವು ಬರೆದಿಲ್ಲ. ಯಾರೂ ಬರೆಯುವುದಿಲ್ಲ, ಅದೇ ನನ್ನ ದೂರು. ಉಷ್ಣತೆ 10 ಡಿಗ್ರಿ ಏರಿದರೆ ಇನ್ಸುಲೇಶನ್‌ನ ರೋಧ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಎಲ್ಲ ಓದುಗಳನ್ನೂ 40 ಡಿಗ್ರಿಗೆ ತಂದು ಹೋಲಿಸುವುದು ಕ್ರಮ. ನಿಮ್ಮ ಶೆಡ್ಡಿನಲ್ಲಿ 28 ಡಿಗ್ರಿ ಇತ್ತು ಎಂದುಕೊಂಡರೆ ನಿಮ್ಮ 0.8 ನಿಜದಲ್ಲಿ ಸುಮಾರು 0.35. ಇಂಥ ಮೋಟರಿಗೆ 500 ವೋಲ್ಟಿನ ಮೆಗ್ಗರನ್ನು ಒಂದು ನಿಮಿಷ ಹಿಡಿದಾಗ, 40 ಡಿಗ್ರಿಯ ಲೆಕ್ಕದಲ್ಲಿ ಕನಿಷ್ಠ 5 ಮೆಗಾಓಮ್ ಸಿಗಬೇಕು. ಹೊಸ, ಒಣ ಮೋಟರ್ ಅದಕ್ಕಿಂತ ನೂರಾರು ಪಟ್ಟು ಮೇಲೆ ತೋರಿಸುತ್ತದೆ. ಅಂದರೆ ನಿಮ್ಮದು ಅಂಚಿನಲ್ಲಿರುವ ಮೋಟರಲ್ಲ, ಒಳಗೆ ಒದ್ದೆಯಾಗಿರುವ ಮೋಟರು.

ಒಂದು ಹನಿ ಮಳೆ ತಾಗದಿದ್ದರೂ ನೀರು ಎಲ್ಲಿಂದ ಬಂತು? ನೀವು ಸುತ್ತಿದ ಪ್ಲಾಸ್ಟಿಕ್ಕೇ ಅದನ್ನು ಕೂಡಿಟ್ಟಿತು. ಬಿಚ್ಚಿದ ಹಾಳೆಯ ಒಳಮೈ ನೋಡಿ. ಕುಚ್ಚಲಕ್ಕಿ ಬೇಯಿಸುವ ಪಾತ್ರೆಯ ಮುಚ್ಚಳದಂತೆ ಅಲ್ಲಿ ಹನಿಗಳು ಸಾಲುಗಟ್ಟಿರುತ್ತವೆ. ಕರಾವಳಿಯ ಮಳೆಗಾಲದಲ್ಲಿ ಗಾಳಿ 30 ಡಿಗ್ರಿ ಇದ್ದು ತೇವಾಂಶ ಶೇಕಡಾ 85 ಇದ್ದರೆ, 27 ಡಿಗ್ರಿಗೆ ತಣಿದ ಯಾವ ವಸ್ತುವಿನ ಮೇಲೂ ಇಬ್ಬನಿ ಕೂರುತ್ತದೆ. ಮೂರೇ ಡಿಗ್ರಿಯ ಅಂತರ! ಅರ್ಧ ಟನ್ ಮೀರಿದ ಕಬ್ಬಿಣದ ಒಡಲು ರಾತ್ರಿ ತಣಿದರೆ ಬೆಳಿಗ್ಗೆ ಬೇಗ ಬೆಚ್ಚಗಾಗುವುದಿಲ್ಲ. ಗಾಳಿ ಮಾತ್ರ ಬೆಚ್ಚಗಾಗಿ, ಸಂದಿಗೊಂದಿಗಳಿಂದ ಒಳಗೆ ನುಗ್ಗಿ, ತಣ್ಣನೆಯ ತಾಮ್ರದ ಮೇಲೆ ಬೆವರಾಗಿ ಇಳಿಯುತ್ತದೆ. ಹಗಲು ಹಿಗ್ಗಿ ಹೊರಬಿಟ್ಟ ಗಾಳಿಯನ್ನು ಮೋಟರ್ ರಾತ್ರಿ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಬಿಗಿಯಾಗಿ ಸುತ್ತಿದ್ದರೂ ಹಾಳೆಯ ಮಡಿಕೆಗಳಲ್ಲಿ ಗಾಳಿ ಒಳಗೆ ಬಂದೇ ಬರುತ್ತದೆ. ಒಳಸೇರಿದ ನೀರು ಆರಿ ಹೋಗಲು ಮಾತ್ರ ದಾರಿ ಇರುವುದಿಲ್ಲ. ಓಡುವ ಮೋಟರಿಗೆ ಈ ಕಷ್ಟವಿಲ್ಲ. ಅದು ತನ್ನ ಬಿಸಿಯಿಂದ ತಾನೇ ಒಣಗಿರುತ್ತದೆ. ನಿಂತ ಮೋಟರಿಗೆ ಆ ಬಿಸಿಯನ್ನು ನಾವು ಕೊಡಬೇಕು.

ನಮ್ಮ ಹಿರಿಯರು ಅಡಿಕೆ, ಕೊಬ್ಬರಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ವಸ್ತುವನ್ನು ಕಾಯುವುದು ಹೊದಿಕೆಯಲ್ಲ, ಬಿಸಿ. ಮೋಟರಿನ ಒಡಲು ಸುತ್ತಲಿನ ಗಾಳಿಗಿಂತ ಐದು ಡಿಗ್ರಿ ಬೆಚ್ಚಗಿದ್ದರೂ ಸಾಕು, ಇಬ್ಬನಿ ಕೂರುವುದಿಲ್ಲ. ಅನೇಕ ಮೋಟರುಗಳಲ್ಲಿ ಇದಕ್ಕೆಂದೇ ಒಳಗೆ ಸ್ಪೇಸ್ ಹೀಟರ್ ಇರುತ್ತದೆ. ಮುಖ್ಯ ಟರ್ಮಿನಲ್ ಬಾಕ್ಸಿನ ಪಕ್ಕದಲ್ಲಿ ಸಣ್ಣದೊಂದು ಬಾಕ್ಸ್ ಇದೆಯೇ ನೋಡಿ, ಕೈಪಿಡಿಯಲ್ಲಿ ಖಚಿತ ಮಾಡಿಕೊಳ್ಳಿ. ಹೀಟರಿದ್ದರೆ ಯಂತ್ರ ಇಳಿದ ದಿನವೇ ಅದಕ್ಕೆ 230 ವೋಲ್ಟಿನ ಲೈನ್ ಕೊಡಬೇಕಿತ್ತು. ಲೈನ್ ಕೊಡುವ ಮೊದಲು ಸುತ್ತಿದ ಪ್ಲಾಸ್ಟಿಕ್, ರಟ್ಟು ಎಲ್ಲವನ್ನೂ ತೆಗೆದುಹಾಕಿ, ಇಲ್ಲದಿದ್ದರೆ ಬೆಂಕಿ ಹಿಡಿದೀತು. "ಹೀಟರ್ ಲೈನ್ ಚಾಲೂ ಇದೆ" ಎಂದು ಕನ್ನಡದಲ್ಲಿ, ಹಿಂದಿಯಲ್ಲಿ ದೊಡ್ಡದಾಗಿ ಬರೆದ ಫಲಕ ತೂಗುಹಾಕಿ. ಮೋಟರಿಗೆ ಕೇಬಲ್ ಬಂದಿಲ್ಲ, ಇದರಲ್ಲಿ ಕರೆಂಟಿಲ್ಲ ಎಂದುಕೊಂಡು ಮುಚ್ಚಳ ತೆರೆಯುವ ಹುಡುಗನ ಜೀವ ಆ ಫಲಕದಲ್ಲಿದೆ. ಹೀಟರ್ ಇಲ್ಲದಿದ್ದರೆ ಮೋಟರನ್ನು ಬಾಗಿಲಿರುವ ಸಣ್ಣ ಕೋಣೆಗೆ ಸಾಗಿಸಿ, ಅಲ್ಲಿ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡಿಸಿ. ದೂಳಿಗೆ ಹೊದಿಕೆ ಬೇಕೆಂದರೆ ಮೇಲಿನಿಂದ ಸಡಿಲವಾಗಿ ಇಳಿಬಿಟ್ಟು ಕೆಳಗೆ ತೆರೆದಿಡಿ. ಕಾಲುಗಳ ಕೆಳಗೆ ಮರದ ದಿಮ್ಮಿ ಇರಲಿ, ನೀರು ಬಸಿಯುವ ರಂಧ್ರ ಕೆಳಮುಖವಾಗಿರಲಿ.

ಈಗ ಆಗಿರುವುದಕ್ಕೆ ಪರಿಹಾರ. ಮೊದಲು ತಯಾರಕರಿಗೆ ಬರೆಯಿರಿ. ಅವರನ್ನು ಕೇಳದೆ ಬಿಚ್ಚಿದರೆ ವಾರಂಟಿ ಕಳೆದುಕೊಳ್ಳುತ್ತೀರಿ. ಅವರು ಒಪ್ಪಿದ ಮೇಲೆ, ಉಷ್ಣತೆ ಹಿಡಿತದಲ್ಲಿಡುವ ಓವನ್ ಇರುವ ಕಾರ್ಯಾಗಾರಕ್ಕೆ ಒಯ್ದು, ತಿರುಗುವ ಭಾಗವಾದ ರೋಟರ್ ಹೊರತೆಗೆದು, ವೈಂಡಿಂಗ್ ಇರುವ ಸ್ಥಿರ ಭಾಗವಾದ ಸ್ಟೇಟರನ್ನು 90 ಡಿಗ್ರಿಯಲ್ಲಿ 12ರಿಂದ 16 ಗಂಟೆ, ಆಮೇಲೆ 105 ಡಿಗ್ರಿಯಲ್ಲಿ 6ರಿಂದ 8 ಗಂಟೆ ಒಣಗಿಸುವುದು ರೂಢಿ. ತಯಾರಕರು ಬೇರೆ ಅಂಕಿ ಕೊಟ್ಟರೆ ಅದೇ ಅಂತಿಮ. ಒಣಗಿಸುವಾಗ ಮೆಗ್ಗರಿನ ಓದು ಮೊದಲು ಇಳಿಯುತ್ತದೆ, ನಂತರ ಏರತೊಡಗುತ್ತದೆ. ಇಳಿಯುವುದನ್ನು ಕಂಡು ಗಾಬರಿಯಿಂದ ಅರ್ಧಕ್ಕೆ ನಿಲ್ಲಿಸಬೇಡಿ. ಪ್ರತಿ ಸಲ ಮೆಗ್ಗರ್ ಹಿಡಿದ ಮೇಲೂ ವೈಂಡಿಂಗನ್ನು ಭೂಮಿಗೆ ಜೋಡಿಸಿ, ವೋಲ್ಟೇಜ್ ಕೊಟ್ಟ ಸಮಯದ ನಾಲ್ಕು ಪಟ್ಟು ಹೊತ್ತು ಹಾಗೆಯೇ ಬಿಡಿ.

ಕೆಂಡದ ಬಾಣಲೆ ಕೆಳಗಿಡುವವರು, ಬ್ಲೋ ಲ್ಯಾಂಪ್ ಹಿಡಿಯುವವರು, ಒಂದು ಪಕ್ಕಕ್ಕೆ ಹ್ಯಾಲೊಜನ್ ದೀಪ ಕಟ್ಟಿ ಮನೆಗೆ ಹೋಗುವವರು, ವೆಲ್ಡಿಂಗ್ ಸೆಟ್ಟಿನ ತಂತಿಯನ್ನು ಅಂದಾಜಿನ ಮೇಲೆ ವೈಂಡಿಂಗಿಗೆ ಸಿಕ್ಕಿಸುವವರು, ಇವರನ್ನು ಗೇಟಿನ ಹೊರಗೇ ನಿಲ್ಲಿಸಿ. ವಾರ್ನಿಷ್ ಒಂದು ಕಡೆ ಕರಕಲಾಗಿ ಇನ್ನೊಂದು ಕಡೆ ಒದ್ದೆಯಾಗಿಯೇ ಉಳಿಯುತ್ತದೆ. ಮೆಗ್ಗರ್ ಕಡಿಮೆ ತೋರಿಸಿದ ಮಾತ್ರಕ್ಕೆ ವೈಂಡಿಂಗ್ ಪೂರ್ತಿ ಕಿತ್ತು ಹೊಸದು ಕಟ್ಟಬೇಕು ಎನ್ನುವವರನ್ನೂ ನಂಬಬೇಡಿ. ಬರೀ ತೇವಕ್ಕೆ ಮದ್ದು ಒಣಗಿಸುವುದೇ.

ನೀವು ಕೇಳದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಮೋಟರನ್ನು ಓಡುವ ಕಂಪ್ರೆಸರಿನ ಪಕ್ಕದಲ್ಲಿ ಮೂರು ತಿಂಗಳು ಇಟ್ಟಿದ್ದೀರಿ. ಧಾರವಾಡದ ಹತ್ತಿರ ಒಂದು ಕಾರ್ಖಾನೆಯಲ್ಲಿ, ಹೊಸದಾಗಿ ಕೂರಿಸಿದ ಮೋಟರ್ ಮೊದಲ ದಿನವೇ ಗೊರಗೊರ ಎನ್ನುತ್ತಿದೆ ಎಂದು ಕರೆಸಿದ್ದರು. ಬೇರಿಂಗ್ ಬಿಚ್ಚಿ, ಗ್ರೀಸ್ ಒರೆಸಿ, ಹೊರಬಳೆಯನ್ನು ಬೆಳಕಿಗೆ ಹಿಡಿದೆ. ಕನ್ನಡಿಯಂತೆ ಹೊಳೆಯಬೇಕಾದ ಹಾದಿಯಲ್ಲಿ ಸಮ ಅಂತರಕ್ಕೆ ಮಬ್ಬಾದ ಗುಳಿಗಳಿದ್ದವು, ಗುಳಿಯಪ್ಪದ ಕಾವಲಿಯ ಹಾಗೆ. ಉಗುರು ಎಳೆದರೆ ಒಂದೊಂದರಲ್ಲೂ ತಡೆಯುತ್ತಿತ್ತು. ಗುಂಡುಗಳು ಎಷ್ಟಿದ್ದವೋ ಗುಳಿಗಳೂ ಅಷ್ಟೇ. ಎಂಟು ತಿಂಗಳು ಆ ಮೋಟರ್ ಜನರೇಟರ್ ಕೋಣೆಯ ಗೋಡೆಗೆ ಒತ್ತಿ ನಿಂತಿತ್ತಂತೆ. ನೆಲದ ಸಣ್ಣ ನಡುಕಕ್ಕೆ ಗುಂಡುಗಳು ಇದ್ದಲ್ಲೇ ಅಲುಗಿ, ನಡುವಿನ ಗ್ರೀಸನ್ನು ಸರಿಸಿ, ಲೋಹವನ್ನೇ ತಿಂದಿದ್ದವು. ಓಡುವ ಬೇರಿಂಗಿನಲ್ಲಿ ಗ್ರೀಸ್ ಮತ್ತೆ ಮತ್ತೆ ಹರಡಿಕೊಳ್ಳುತ್ತದೆ, ನಿಂತದ್ದರಲ್ಲಿ ಇಲ್ಲ.

ಆದ್ದರಿಂದ ಒಣಗಿಸಿದ ಮೇಲೆ ಕಂಪ್ರೆಸರಿನಿಂದ ದೂರ ಇಡಿ. ಸಾಗಣೆಗೆ ಹಾಕಿದ ಶಾಫ್ಟ್ ಲಾಕ್ ತೆಗೆದು, ತಿಂಗಳಿಗೊಮ್ಮೆ ಕೈಯಿಂದ ಹತ್ತು ಸುತ್ತು ತಿರುಗಿಸಿ, ಮೊದಲು ನಿಂತಿದ್ದ ಜಾಗಕ್ಕಿಂತ ಕಾಲು ಸುತ್ತು ಆಚೆ ನಿಲ್ಲಿಸಿ. ಶಾಫ್ಟಿನ ತುದಿಗೆ ಸೀಮೆಸುಣ್ಣದ ಗುರುತಿರಲಿ, ತಿರುಗಿಸಿದೆನೆಂದು ಸುಳ್ಳು ಬರೆಯಲು ಯಾರಿಗೂ ಆಗದು. ಮತ್ತೆ ಲಾರಿಗೆ ಹತ್ತಿಸುವ ಮೊದಲು ಲಾಕ್ ಹಾಕಲು ಮರೆಯಬೇಡಿ. ಮೋಟರಿಗೆ ಒಂದು ಕಾರ್ಡ್ ಕಟ್ಟಿ: ದಿನಾಂಕ, ವೈಂಡಿಂಗಿನ ಉಷ್ಣತೆ, ಮೆಗ್ಗರಿನ ಓದು, ಹೀಟರ್ ಬೆಚ್ಚಗಿದೆಯೇ, ಶಾಫ್ಟ್ ತಿರುಗಿಸಿದವರ ಸಹಿ.

ಪ್ರಶ್ನೆ: ಲಾರಿ ಚಾಲಕರು ಅವಸರ ಮಾಡಿದರೆಂದು ಸಹಿ ಹಾಕಿ ಕಳಿಸಿದೆವು. ಪೆಟ್ಟಿಗೆ ತೆರೆದಾಗ ಪ್ಯಾನೆಲ್‌ನ ಬಾಗಿಲು ಜಜ್ಜಿಹೋಗಿತ್ತು. ಪರಿಹಾರ ಸಿಗುತ್ತದೆಯೇ?

ಉತ್ತರ: ಚಾಲಕರ ಅವಸರ ನಿಮ್ಮ ಸಹಿಗೆ ಕಾರಣವಾಗಬಾರದಿತ್ತು. "ಸುಸ್ಥಿತಿಯಲ್ಲಿ ತಲುಪಿದೆ" ಎಂದು ಬರೆದುಕೊಟ್ಟ ಮೇಲೆ ವಾದಿಸುವುದು ಬಹಳ ಕಷ್ಟ. ಆದರೂ ಈಗಲೇ ಲಿಖಿತವಾಗಿ ತಿಳಿಸಿ. 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆಯ ಪ್ರಕಾರ ಸರಕು ಬುಕ್ ಆದ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ತಲುಪಿರಬೇಕು, ಇಲ್ಲದಿದ್ದರೆ ದಾವೆ ಹೂಡಲಾಗದು. ವಿಮಾ ಕಂಪನಿಯ ಗಡುವು ಇದಕ್ಕಿಂತ ಬಹಳ ಚಿಕ್ಕದಿರಬಹುದು, ಪಾಲಿಸಿ ತೆಗೆದು ಓದಿ. ಅವರ ಸರ್ವೇಯರ್ ನೋಡುವವರೆಗೆ ಬಾಗಿಲನ್ನು ಬಡಿದು ನೇರ ಮಾಡಬೇಡಿ, ಒಡೆದ ಪೆಟ್ಟಿಗೆಯನ್ನೂ ಬಿಸಾಡಬೇಡಿ. ಮುಂದಿನ ಸಲ ಹಗ್ಗ ಬಿಚ್ಚುವ ಮೊದಲೇ, ಲಾರಿಯ ಮೇಲಿರುವಾಗಲೇ, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಪೆಟ್ಟಿಗೆಯ ಮೇಲಿನ ಆಘಾತ ಸೂಚಕ ಕೆಂಪಾಗಿದ್ದರೆ ಲಾರಿ ರಸೀದಿಯ ಎಲ್ಲ ಪ್ರತಿಗಳ ಮೇಲೂ ಅದನ್ನು ಬರೆದು ಚಾಲಕರ ಸಹಿ ಪಡೆಯಿರಿ. ಪೆಟ್ಟಿಗೆ ಹೊರಗಿನಿಂದ ಚೆನ್ನಾಗಿದ್ದರೂ ಬಂದ ದಿನವೇ ತೆರೆದು ನೋಡಿ.

ಪ್ರಶ್ನೆ: ನಮ್ಮ ಮೋಟರ್ ಐಪಿ 55 (ದೂಳು, ನೀರಿನಿಂದ ರಕ್ಷಣೆಯ ಶ್ರೇಣಿ). ಅಂಗಳದಲ್ಲೇ ಇಡಬಹುದಲ್ಲವೇ?

ಉತ್ತರ: ಇಡಬೇಡಿ. ಕೇಬಲ್ ಒಳಹೋಗುವ ತೂತುಗಳಿಗೆ ಗ್ಲ್ಯಾಂಡ್ ಬಿಗಿದು ಎಲ್ಲ ಮುಚ್ಚಳ ಹಾಕಿದ ಮೋಟರಿಗೆ ಸಲ್ಲುವ ಮಾತದು. ನಿಮ್ಮದರ ತೂತುಗಳಲ್ಲಿ ಈಗ ಇರುವುದು ಸಾಗಣೆಯ ಪ್ಲಾಸ್ಟಿಕ್ ಬಿರಡೆ.

ಪ್ರಶ್ನೆ: ಪ್ಯಾನೆಲ್‌ನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹೆಚ್ಚು ಹಾಕಿದರೆ ಹೀಟರ್ ಬೇಡವೇ?

ಉತ್ತರ: ಗಾಳಿಯಾಡುವ ಪೆಟ್ಟಿಗೆಯಲ್ಲಿ ನೀಲಿ ಜೆಲ್ ಕೆಲವೇ ದಿನಗಳಲ್ಲಿ ಗುಲಾಬಿಯಾಗುತ್ತದೆ, ಆಮೇಲೆ ಅದು ಬರೀ ಮರಳು.

ಪ್ರಶ್ನೆ: ಪ್ಯಾನೆಲ್‌ಗಳನ್ನು ಯಾವ ದಿಕ್ಕಿಗೆ ಮುಖ ಮಾಡಿ ಇಡಬೇಕು?

ಉತ್ತರ: ಇರಚಲು ಹೊಡೆಯದ ದಿಕ್ಕಿಗೆ.

ಪ್ರಶ್ನೆ: ಸ್ಟೋರಿನಲ್ಲಿ ಮೂರು ವರ್ಷದಿಂದ ಇರುವ ವಿಎಫ್‌ಡಿ ಡ್ರೈವನ್ನು (ಮೋಟರಿನ ವೇಗ ಬದಲಿಸುವ ಉಪಕರಣವನ್ನು) ನೇರವಾಗಿ ಜೋಡಿಸಬಹುದೇ?

ಉತ್ತರ: ಬೇಡ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಕ್ಸೈಡ್ ಪದರ ಬಳಕೆಯಿಲ್ಲದೆ ಸವೆದಿರುತ್ತದೆ. ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ ಸಿಡಿಯಬಹುದು. ಹಂತ ಹಂತವಾಗಿ ವೋಲ್ಟೇಜ್ ಏರಿಸಿ ಪದರವನ್ನು ಮತ್ತೆ ಕಟ್ಟುವ ಕ್ರಮ ಕೈಪಿಡಿಯಲ್ಲಿದೆ, ಅದನ್ನೇ ಅನುಸರಿಸಿ. ಸಾಮಾನ್ಯವಾಗಿ ಒಂದು ವರ್ಷ ಮೀರಿದ ಡ್ರೈವಿಗೆಲ್ಲ ಇದು ಬೇಕು.

ಪ್ರಶ್ನೆ: ಜಾಗ ಸಾಲದೆ ಕೇಬಲ್ ಡ್ರಮ್ಮುಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿದ್ದೇವೆ. ತೊಂದರೆ ಇದೆಯೇ?

ಉತ್ತರ: ಇದೆ. ಇವತ್ತೇ ಡ್ರಮ್ಮುಗಳನ್ನು ನೆಟ್ಟಗೆ ನಿಲ್ಲಿಸಿ, ಉರುಳದಂತೆ ಬೆಣೆ ಕೊಡಿ, ಕತ್ತರಿಸಿದ ತುದಿಗಳಿಗೆ ಕ್ಯಾಪ್ ಹಾಕಿ.

ಪ್ರಶ್ನೆ: ನಮ್ಮ ದೊಡ್ಡ ಟ್ರಾನ್ಸ್‌ಫಾರ್ಮರ್ ಎಣ್ಣೆಯಿಲ್ಲದೆ, ಸಾರಜನಕ ತುಂಬಿ ಬಂದಿದೆ. ಒತ್ತಡದ ಮಾಪಕ ಸೊನ್ನೆಯಲ್ಲಿದೆ. ಸಿಲಿಂಡರ್ ತಂದು ಮತ್ತೆ ತುಂಬಿಸಿ, ಮ್ಯಾನ್‌ಹೋಲ್ ತೆರೆದು ಒಮ್ಮೆ ಒಳಗೆ ನೋಡಬೇಕೆಂದಿದ್ದೇವೆ.

ಉತ್ತರ: ಎರಡನ್ನೂ ಮಾಡಬೇಡಿ. ಒಳಗೆ ಒತ್ತಡ ಇರುವವರೆಗೆ ಹೊರಗಿನ ಹಸಿ ಗಾಳಿ ಒಳಗೆ ಬರಲಾರದು. ಸೊನ್ನೆ ಎಂದರೆ ಆ ಕಾವಲು ತಪ್ಪಿದೆ. ನೀವೇ ತುಂಬಿಸಿದರೆ ಮಾಪಕ ಸರಿಯಾಗಿ ಕಾಣುತ್ತದೆ, ಕಾಗದದ ಇನ್ಸುಲೇಶನ್ ಕುಡಿದ ತೇವ ಹಾಗೆಯೇ ಉಳಿಯುತ್ತದೆ, ಪುರಾವೆಯೂ ಅಳಿಸಿಹೋಗುತ್ತದೆ. ಮಾಪಕದ ಫೋಟೋ ತೆಗೆದು, ಆಘಾತ ದಾಖಲಿಸುವ ಉಪಕರಣವನ್ನು ಮುಟ್ಟದೆ, ಆ ಕ್ಷಣವೇ ತಯಾರಕರಿಗೆ ಮತ್ತು ವಿಮೆಯವರಿಗೆ ತಿಳಿಸಿ. ಒಳಗಿನ ಅನಿಲದ ಇಬ್ಬನಿ ಬಿಂದು (ತೇವ ಹನಿಯಾಗತೊಡಗುವ ಉಷ್ಣತೆ) ಅಳೆದು ಮುಂದಿನದನ್ನು ತಯಾರಕರು ಹೇಳಲಿ.

ಮ್ಯಾನ್‌ಹೋಲ್ ಮಾತು ಓದಿ ನನಗೆ ಭಯವಾಯಿತು. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟಿದ ಅನುಭವವನ್ನೂ ಅದು ಕೊಡುವುದಿಲ್ಲ. ತಲೆ ಒಳಗೆ ಹಾಕಿದವನು ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಅವನನ್ನು ಎಳೆಯಲು ಬಗ್ಗಿದವನೂ ಬೀಳುತ್ತಾನೆ. ಮಾಪಕ ಸೊನ್ನೆ ತೋರಿಸಿದರೂ ಒಳಗೆ ತುಂಬಿರುವುದು ಸಾರಜನಕವೇ ಇರಬಹುದು. ಒಣ ಗಾಳಿ ಹಾಯಿಸಿ, ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆಯಿಲ್ಲ ಎಂದು ಮೀಟರಿನಲ್ಲಿ ಅಳೆದು, ಹೊರಗೊಬ್ಬರು ಕಾವಲು ನಿಲ್ಲದೆ ಆ ತೊಟ್ಟಿಯೊಳಗೆ ಯಾರೂ ಇಣುಕಕೂಡದು. ಟ್ರಾನ್ಸ್‌ಫಾರ್ಮರ್ ಇರುವ ಆವರಣಕ್ಕೆ ಇಂದೇ ಬೀಗ ಹಾಕಿ. ತಯಾರಕರ ಎಂಜಿನಿಯರ್ ಬರುವವರೆಗೆ ಕೀಲಿ ನಿಮ್ಮ ಕಿಸೆಯಲ್ಲೇ ಇರಲಿ.