ಪ್ರಾರ್ಥನೆ ತಪ್ಪಿದರೆ ಕೃಪೆಯೂ ತಪ್ಪುತ್ತದೆಯೇ?

ಪ್ರಶ್ನೆ: ಪ್ರತಿವರ್ಷ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ನಡೆಯುವ ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೆನಾಕ್ಕೆ ಹೋಗಿ, ಸೆಪ್ಟೆಂಬರ್ 8ರ ಹಬ್ಬದಂದು ಹರಕೆ ತೀರಿಸುತ್ತಿದ್ದೆ. ತಾಯಿಯವರು ಹಾಸಿಗೆ ಹಿಡಿದ ಮೇಲೆ ನೊವೆನಾವೂ ಇಲ್ಲ, ಜಪಸರವೂ ಇಲ್ಲ. ದೇವರ ಕೃಪೆ ನನ್ನಿಂದ ದೂರವಾಯಿತೇ ಎಂಬ ಅಳುಕು ಕಾಡುತ್ತಿದೆ. ಕೃಪೆ ಉಚಿತವೆನ್ನುವುದಾದರೆ ಪ್ರಾರ್ಥನೆ, ಉಪವಾಸಗಳಾದರೂ ಏಕೆ? ಆದಿ ಕ್ರೈಸ್ತರು ಈ ಬಗ್ಗೆ ಏನು ಹೇಳಿದ್ದಾರೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೃಪೆ ದೂರವಾಗಿಲ್ಲ. ರಕ್ಷಣೆಯು ನಮ್ಮ ಕ್ರಿಯೆಗಳ ಫಲವಲ್ಲ, ದೇವರ ಕೊಡುಗೆ ಎಂದು ಬೈಬಲಿನಲ್ಲಿರುವ, ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ಐದನೆಯ ಶತಮಾನದ ಆರಂಭದಲ್ಲಿ ಕ್ರೈಸ್ತ ಸಭೆಯನ್ನೇ ಕಲಕಿದ ಪ್ರಶ್ನೆ. ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪರಾಗಿದ್ದ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆ ಎಂಬ ಗ್ರಂಥದಲ್ಲಿ, 'ನೀನು ಆಜ್ಞಾಪಿಸುವುದನ್ನು ನೀನೇ ದಯಪಾಲಿಸು, ಆಮೇಲೆ ನಿನಗಿಷ್ಟವಾದುದನ್ನು ಆಜ್ಞಾಪಿಸು' ಎಂದು ದೇವರನ್ನು ಬೇಡಿಕೊಂಡಿದ್ದರು. ರೋಮ್ ನಗರದಲ್ಲಿ ಬಿಷಪರೊಬ್ಬರು ಈ ಮಾತನ್ನು ಉದ್ಧರಿಸಿದಾಗ, ಅಲ್ಲಿದ್ದ ಪೆಲಾಜಿಯಸ್ ಎಂಬ ಬೋಧಕರು ಅದನ್ನು ಸಹಿಸಲಾರದೆ ಅವರೊಡನೆ ಜಗಳಕ್ಕೇ ಇಳಿಯುವಂತಾಯಿತೆಂದು ಅಗಸ್ಟೀನರೇ ಬರೆದಿದ್ದಾರೆ. ಪೆಲಾಜಿಯಸ್ ಕೆಟ್ಟವರಲ್ಲ, ಕಟ್ಟುನಿಟ್ಟಾಗಿ ಬಾಳಿದ ವಿರಕ್ತರು. ಎಲ್ಲವನ್ನೂ ದೇವರೇ ಕೊಡಬೇಕೆಂದರೆ ಜನ ಕೈಕಟ್ಟಿ ಕುಳಿತಾರೆಂಬ ಅವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸ್ವಂತ ಬಲದಿಂದಲೇ ಪಾಪವನ್ನು ಗೆಲ್ಲಬಹುದೆಂಬ ಅವರ ಬೋಧನೆ, ಬಲವಿಲ್ಲದವನನ್ನು ಬಾಗಿಲಾಚೆಯೇ ನಿಲ್ಲಿಸುತ್ತದೆ. 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಆ ಬೋಧನೆಯನ್ನು ತಿರಸ್ಕರಿಸಿತು. 529ರಲ್ಲಿ ಇಂದಿನ ಫ್ರಾನ್ಸಿನ ಆರೆಂಜಿನಲ್ಲಿ ಸೇರಿದ ಬಿಷಪರ ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬಬೇಕೆಂಬ ಮೊದಲ ತುಡಿತವೂ ಕೃಪೆಯಿಂದಲೇ ಹುಟ್ಟುತ್ತದೆಂದು ಸಾರಿತು.

ಇದನ್ನು ನಿಮ್ಮ ಸ್ಥಿತಿಗೆ ಅನ್ವಯಿಸಿ ನೋಡಿ. ಪ್ರಾರ್ಥನೆ ಕೃಪೆಗೆ ತೆರುವ ಬೆಲೆಯಲ್ಲವಾದ್ದರಿಂದ, ಅದು ನಿಂತ ದಿನಗಳು ಸಾಲವಾಗಿ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ; ಪ್ರಾರ್ಥಿಸಲಾಗುತ್ತಿಲ್ಲವಲ್ಲ ಎಂದು ನೀವು ಪಡುತ್ತಿರುವ ಸಂಕಟವೇ ಕೃಪೆ ನಿಮ್ಮೊಳಗೆ ಕೆಲಸ ಮಾಡುತ್ತಿರುವುದರ ಗುರುತು. ಹಾಗೆಂದು ಉಪವಾಸ, ಪ್ರಾರ್ಥನೆಗಳನ್ನು ಬಿಟ್ಟುಬಿಡಬಹುದೆಂದಲ್ಲ. ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೇ ಎಂಬ ಪ್ರಶ್ನೆಯನ್ನು ರೋಮಿನವರಿಗೆ ಬರೆದ ಪತ್ರದಲ್ಲಿ ಸಂತ ಪೌಲರೇ ಎತ್ತಿ, ಎಂದಿಗೂ ಇಲ್ಲವೆನ್ನುತ್ತಾರೆ. ಪಡೆದವನು ಸುಮ್ಮನಿರಲಾರ, ತಾಯಿಯ ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸುವ ನಿಮ್ಮ ಕೈಗಳ ಕೆಲಸವೂ ಆ ಕೃಪೆಯಿಂದಲೇ ಬಂದದ್ದು.

430ರಲ್ಲಿ, ಹಿಪ್ಪೋ ನಗರವನ್ನು ವ್ಯಾಂಡಲರೆಂಬ ಜರ್ಮೇನಿಕ್ ಬುಡಕಟ್ಟಿನವರು ಮುತ್ತಿದ್ದಾಗ, ಕೊನೆಯ ಕಾಯಿಲೆಯಲ್ಲಿದ್ದ ಅಗಸ್ಟೀನರು ಬೈಬಲಿನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ, ಮಲಗಿದಲ್ಲಿಂದಲೇ ಕಾಣುವಂತೆ ಗೋಡೆಗೆ ಹಾಕಿಸಿಕೊಂಡಿದ್ದರು. ಜಪಸರ ಪೂರ್ತಿ ಹೇಳಲಾಗದಿದ್ದರೆ ನೀವೂ ತಾಯಿಯ ಹಾಸಿಗೆಯ ಪಕ್ಕ 130ನೆಯ ಕೀರ್ತನೆಯನ್ನು ಓದಿಕೊಳ್ಳಿ, ಎಂಟೇ ವಚನಗಳು. ಹರಕೆಯ ಬಗ್ಗೆ ಒಂದು ಮಾತು: ಅದನ್ನು ಒಪ್ಪಂದವೆಂದು ಭಾವಿಸದೆ ಕೃತಜ್ಞತೆಯೆಂದು ಭಾವಿಸಿ, ಸಾಧ್ಯವಾದ ವರ್ಷ ಶಿವಾಜಿನಗರಕ್ಕೆ ಹೋಗಿಬನ್ನಿ. ಸದ್ಯಕ್ಕೆ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿದರೆ, ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯಾದ ಪರಮಪ್ರಸಾದವನ್ನು ಮನೆಗೇ ತಂದು ಕೊಡುತ್ತಾರೆ. ಅಂದು ತಾಯಿಯವರ ಜೊತೆ ನೀವೂ ಸ್ವೀಕರಿಸಬಹುದೇ ಎಂದು ಅವರನ್ನೇ ಕೇಳಿ.