ಡಂಪ್ ಎಲ್ಲಿ ಹೋದಳು?

ನಮಸ್ಕಾರ.

ಜಪಾನಿನ ಪ್ರೊ ರೆಸ್ಲರ್ ಚಿಗುಸಾ ನಗಾಯೋ ಬಗ್ಗೆ ನೀವು ಕಳಿಸಿದ ‘ಬೆಂಕಿಯಲ್ಲಿ ಅರಳಿದ ಹೂವು’ ಓದಿದೆ. ಓದುತ್ತಾ ಓದುತ್ತಾ ಸಿಟ್ಟು ಬಂತು. ಬೇಜಾರು ಮಾಡಿಕೊಳ್ಳಬೇಡಿ. ಕಳಪೆ ಲೇಖನ ಬಂದರೆ ನನಗೆ ಸಿಟ್ಟು ಬರುವುದಿಲ್ಲ. ಎರಡು ಸಾಲು ಬರೆದು ವಾಪಸ್ ಕಳಿಸಿ ಚಹಾ ಕುಡಿಯಲು ಹೋಗುತ್ತೇನೆ. ನಿಮ್ಮದರಲ್ಲಿ ಒಳ್ಳೆಯ ಕಥೆ ಇದೆ, ಅದನ್ನು ನೀವೇ ಮುಚ್ಚಿಟ್ಟಿದ್ದೀರಿ.

ಮೊದಲು ಮೆಚ್ಚುಗೆಯ ಮಾತು. ವಿಷಯ ಹೊಸದು. ಇಸವಿಗಳು ಸರಿಯಾಗಿವೆ. ನಾಗಸಾಕಿ ಸೀಮೆಯ ಒಮುರಾದಲ್ಲಿ ಹುಟ್ಟಿದ್ದು, ಕರಾಟೆ ಕಲಿತದ್ದು, 15ನೇ ವಯಸ್ಸಿಗೇ ರಿಂಗ್ ಹತ್ತಿದ್ದು ಎಲ್ಲ ಇದೆ. ಕಾಗುಣಿತ ತಪ್ಪಿಲ್ಲ. ಆಯ್ತು, ಈಗ ನಾಲ್ಕನೇ ಪುಟಕ್ಕೆ ಬರೋಣ.

1985ರ ಆಗಸ್ಟ್ 28, ಒಸಾಕಾ ಜೋ ಹಾಲ್. ಚಿಗುಸಾ ಮತ್ತು ಡಂಪ್ ಮತ್ಸುಮೋಟೊ ನಡುವೆ, ಸೋತವರ ತಲೆ ಬೋಳಿಸುವ ಷರತ್ತಿನ ಪಂದ್ಯ. ಅಲ್ಲಿ ನಿಮ್ಮ ಮೊದಲ ಸಾಲು: “ಅಖಾಡದ ಮಣ್ಣು ಆ ವೀರವನಿತೆಯ ನೆತ್ತರಿನಿಂದ ತೊಯ್ದಿತು.”

ಯಾವ ಮಣ್ಣು ಸ್ವಾಮಿ? ಅದು ಹಗ್ಗ ಕಟ್ಟಿದ ರಿಂಗ್. ಕೆಳಗೆ ಹಲಗೆ, ಮೇಲೊಂದು ತೆಳು ಹಾಸು, ಅದರ ಮೇಲೆ ಕ್ಯಾನ್ವಾಸ್. ಬಿದ್ದರೆ ಧಡ್ ಅಂತ ಸದ್ದಾಗುತ್ತದೆ. ನೀವು ನಮ್ಮ ಗರಡಿ ಮನೆಯ ಮಟ್ಟಿಯನ್ನು ಹೊತ್ತುಕೊಂಡು ಹೋಗಿ ಒಸಾಕಾದಲ್ಲಿ ಸುರಿದಿದ್ದೀರಿ. ದಸರಾ ಕುಸ್ತಿ ನೋಡಿ ಬೆಳೆದವರು ಅಂತ ಗೊತ್ತಾಗುತ್ತದೆ, ಸಂತೋಷ. ಈ ಪಂದ್ಯದ ವಿಡಿಯೊ ನೋಡಿಲ್ಲ ಅಂತಲೂ ಗೊತ್ತಾಗುತ್ತದೆ.

ಎರಡನೇ ಸಾಲು: “ಸಾವಿರಾರು ಕಂಗಳಲ್ಲಿ ಕಣ್ಣೀರ ಕೋಡಿ ಹರಿಯಿತು.” ಯಾರ ಕಣ್ಣು? ಇದನ್ನು ಹೇಳದೆ ಹೇಗೆ ಮುಂದೆ ಹೋದಿರಿ? ಅಲ್ಲಿ ಕಿರುಚಿ ಅಳುತ್ತಿದ್ದವರು ಬಹುಪಾಲು ಶಾಲೆಗೆ ಹೋಗುವ ಹುಡುಗಿಯರು. ಹೆಂಗಸರ ಕುಸ್ತಿ ಅಂದರೆ ಗಂಡಸರು ನೋಡಲು ಬರುವ ಆಟ ಅಂತ ನಾವೆಲ್ಲ ಸುಮ್ನೆ ಅಂದುಕೊಂಡಿರುತ್ತೇವೆ, ಅಲ್ವಾ? 1983ರಲ್ಲಿ ಚಿಗುಸಾ ಮತ್ತು ಲಯನೆಸ್ ಅಸುಕಾ ‘ಕ್ರಷ್ ಗ್ಯಾಲ್ಸ್’ ಅಂತ ಜೋಡಿ ಕಟ್ಟಿದ ಮೇಲೆ ಆ ಲೆಕ್ಕ ತಲೆಕೆಳಗಾಯಿತು. ಫುಜಿ ಟಿವಿಯಲ್ಲಿ ಪಂದ್ಯ ಬರುತ್ತಿತ್ತು. ಇಬ್ಬರೂ ಸೇರಿ ಹಾಡಿದ ರೆಕಾರ್ಡುಗಳು ಬಂದವು. ಹದಿಹರೆಯದ ಹುಡುಗಿಯರು ಸಭಾಂಗಣ ತುಂಬಿದರು. ತಮಗಿಂತ ನಾಲ್ಕೈದು ವರ್ಷ ದೊಡ್ಡವಳು, ಗಂಡುಹುಡುಗರ ಹಾಗೆ ಕೂದಲು ಬಿಟ್ಟವಳು, ಪೆಟ್ಟು ತಿಂದು ಮತ್ತೆ ಏಳುತ್ತಾಳೆ ಅನ್ನುವುದೇ ಅವರಿಗೆ ಬೇಕಾಗಿತ್ತು. ಅವರ ಕಣ್ಣೆದುರೇ ಚಿಗುಸಾಳ ತಲೆ ಬೋಳಾಯಿತು. ನಿಮ್ಮ ಕೋಡಿಯಲ್ಲಿ ಅವರಲ್ಲಿ ಒಬ್ಬ ಹುಡುಗಿಯೂ ಕಾಣಲಿಲ್ಲ.

ಮೂರನೇ ಸಾಲು: “ಆ ರಾಕ್ಷಸಿ ಡಂಪ್ ಮತ್ಸುಮೋಟೊ ಆಕೆಯ ಕೇಶರಾಶಿಯನ್ನು ನಿರ್ದಯೆಯಿಂದ ಕತ್ತರಿಸಿದಳು.” ಅಲ್ಲಿಗೆ ಡಂಪ್ ಮುಗಿದಳು. ಇನ್ನೂ ಮೂರು ಪುಟ ಇದೆ, ಅವಳ ಹೆಸರಿಲ್ಲ! ನನಗೆ ಸಿಟ್ಟು ಬಂದದ್ದು ಇಲ್ಲಿ.

ಯಾರು ಈ ಡಂಪ್? ಸೈತಾಮಾ ಕಡೆಯ ಹುಡುಗಿ, ನಿಜವಾದ ಹೆಸರು ಕಾವೊರು. ‘ಆಲ್ ಜಪಾನ್ ವಿಮೆನ್ಸ್’ ಅನ್ನುವ ಕುಸ್ತಿ ಕಂಪನಿಯಲ್ಲಿ ಚಿಗುಸಾ, ಅಸುಕಾ, ಡಂಪ್ ಮೂವರೂ 1980ರ ಒಂದೇ ಬ್ಯಾಚು. ಹೆಂಡ ಇಲ್ಲ, ಸಿಗರೇಟು ಇಲ್ಲ, ಬಾಯ್‌ಫ್ರೆಂಡ್ ಇಲ್ಲ, 25 ದಾಟಿದರೆ ಮನೆಗೆ ಹೋಗು ಅನ್ನುವ ಕಂಪನಿ ಅದು. ಅಲ್ಲಿ ಚಿಗುಸಾ ಮತ್ತು ಡಂಪ್ ಮೊದಲಿಗೆ ಹಿಂದೆ ಬಿದ್ದವರು, ಗೆಳತಿಯರು. ಆಮೇಲೆ ಒಬ್ಬಳು ಹುಡುಗಿಯರ ಕಣ್ಮಣಿಯಾದಳು. ಇನ್ನೊಬ್ಬಳು ಮುಖಕ್ಕೆ ಬಣ್ಣ ಬಳಿದುಕೊಂಡು, ಬಿದಿರಿನ ಕತ್ತಿ, ಸರಪಳಿ ಹಿಡಿದು, ಜೊತೆಗೊಂದು ದುಷ್ಟರ ಕೂಟ ಕಟ್ಟಿಕೊಂಡು ಬಂದಳು. ರೆಫರಿ ಶಿರೋ ಅಬೆ ಕೂಡ ರಾಜಾರೋಷವಾಗಿ ಅವಳ ಕಡೆಯೇ. ಹುಡುಗಿಯರು ಡಂಪ್‌ಳನ್ನು ದ್ವೇಷಿಸಿದಷ್ಟೂ ಚಿಗುಸಾ ಎತ್ತರಕ್ಕೆ ಹೋದಳು. ಗೆಳತಿಯ ಕೂದಲಿಗೆ ಕೈಹಾಕಿದ ಗೆಳತಿಯನ್ನು ನೀವು ರಾಕ್ಷಸಿ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಟಿಕೆಟ್ ಕೊಂಡು ಬಂದ ಆ ಹುಡುಗಿಯರು ಹಾಗೆ ಅಂದುಕೊಳ್ಳಲಿ, ಅದಕ್ಕೇ ಅವಳು ಅಷ್ಟು ಕಷ್ಟಪಟ್ಟದ್ದು. ಬರೆಯುವವರು ಅಂದುಕೊಳ್ಳಬಾರದು.

ಇದಕ್ಕೇ ಅಂಟಿಕೊಂಡ ಇನ್ನೊಂದು ಮಾತು. ಪ್ರೊ ರೆಸ್ಲಿಂಗ್‌ನಲ್ಲಿ ಗೆಲ್ಲುವವರು ಯಾರು ಅಂತ ಸಾಮಾನ್ಯವಾಗಿ ಮೊದಲೇ ತೀರ್ಮಾನವಾಗಿರುತ್ತದೆ. ನೀವು ಜಾಣತನದಿಂದ ಇದನ್ನು ಬಿಟ್ಟಿದ್ದೀರಿ, “ಸೋಲೇ ಗೆಲುವಿನ ಸೋಪಾನವಾಯಿತು” ಅಂತ ಬರೆದಿದ್ದೀರಿ. ಹೇಳಿಬಿಟ್ಟರೆ ನಾಯಕಿ ಸಣ್ಣವಳಾಗುತ್ತಾಳೆ ಅನ್ನುವ ಭಯ ಇರಬೇಕು. ನನಗೆ ಹಾಗನ್ನಿಸುವುದಿಲ್ಲ. ಆ ಕಂಪನಿಯಲ್ಲಿ ಹೊಸ ಹುಡುಗಿಯರ ಪಂದ್ಯದ ಕೊನೆಯ ಹಿಡಿತ ಮಾತ್ರ ನಿಜವಾದ ಪಟ್ಟು. ಯಾರು ಯಾರನ್ನು ಒತ್ತಿ ಹಿಡಿದರೋ ಅವರಿಗೆ ಗೆಲುವು. ಅಲ್ಲಿ ತಿಕ್ಕಾಡಿ ಮೇಲೆ ಬಂದವಳಿಗೆ ಒಂದು ದಿನ, ನೀನು ಸೋಲಬೇಕು, ತಲೆ ಬೋಳಿಸಿಕೊಳ್ಳಬೇಕು ಅನ್ನುವ ಗಳಿಗೆ ಬರುತ್ತದೆ. ಅವಳು ಹೂಂ ಅನ್ನುತ್ತಾಳೆ. ಸೋಲು ಒಪ್ಪಂದದ್ದು, ಕೂದಲು ಅವಳದೇ. ಮುಂದಿನ ವರ್ಷ ಅದೇ ಹಾಲ್‌ನಲ್ಲಿ ಡಂಪ್‌ಳ ಸರದಿ, ಅವಳ ತಲೆಯೂ ಬೋಳಾಯಿತು. 1988ರಲ್ಲಿ ಡಂಪ್ ನಿವೃತ್ತಳಾದ ದಿನ, ಕೊನೆಯ ಕೆಲವು ನಿಮಿಷ ಇಬ್ಬರೂ ಒಂದೇ ಕಡೆ ನಿಂತು ಆಡಿದರು. ಇದಕ್ಕಿಂತ ಒಳ್ಳೆಯ ಕಥೆ ಬೇಕಾ ನಿಮಗೆ? ನಿಮ್ಮಲ್ಲಿ ಇದರ ಬದಲು ಫೀನಿಕ್ಸ್ ಹಕ್ಕಿ ಇದೆ.

ನಾನು ಕೆಲಸ ಕಲಿತದ್ದು ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದ ಒಂದು ವಾರಪತ್ರಿಕೆಯಲ್ಲಿ. ಕ್ರೀಡಾ ಪುಟ ನೋಡುತ್ತಿದ್ದ ಹಿರಿಯರೊಬ್ಬರಿದ್ದರು. ಕುಸ್ತಿಯೋ ಕಬಡ್ಡಿಯೋ ನೋಡಿ ಬಂದ ಹುಡುಗರಿಗೆ ತಕ್ಷಣ ಬರೆಯಲು ಬಿಡುತ್ತಿರಲಿಲ್ಲ. ಎದುರಿಗೆ ನಿಲ್ಲಿಸಿಕೊಂಡು ಬಾಯಲ್ಲಿ ಹೇಳಿಸುತ್ತಿದ್ದರು. ನಾವು ಗೆದ್ದವನನ್ನು ಹೊಗಳುತ್ತಾ ಹೋದರೆ ನಡುವೆ ತಡೆದು, “ಆಗ ಇನ್ನೊಬ್ಬ ಏನ್ ಮಾಡ್ತಿದ್ದ?” ಅನ್ನುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೆ ಆ ವರದಿ ಎರಡು ಇಂಚಿಗೆ ಇಳಿಯುತ್ತಿತ್ತು. ಕಂಪೋಸಿಂಗ್ ಕೋಣೆಯವರು ಇನ್ನೂ ಜೋರು. ‘ಪ್ರಚಂಡ’, ‘ಅಪ್ರತಿಮ’ ಅಂತ ಬರೆದುಕೊಂಡು ಹೋದರೆ, ‘ಪ್ರ’ದ ಮೊಳೆ ಖಾಲಿ, ಬೇರೆ ಏನಾದ್ರೂ ಬರೀರಿ ಅಂತ ಮುಖ ಕೂಡ ನೋಡದೆ ಹೇಳುತ್ತಿದ್ದರು. ನಿಜವಾಗಿ ಖಾಲಿಯಾಗಿತ್ತೋ, ನಮ್ಮನ್ನು ಆಟ ಆಡಿಸುತ್ತಿದ್ದರೋ ದೇವರಿಗೇ ಗೊತ್ತು. ಈಗ ಕಂಪ್ಯೂಟರಿನಲ್ಲಿ ಯಾವ ಅಕ್ಷರವೂ ಖಾಲಿಯಾಗುವುದಿಲ್ಲ. ನಿಮ್ಮ ಲೇಖನ ಓದುವಾಗ ಆ ಕೋಣೆ ಇರಬೇಕಿತ್ತು ಅನ್ನಿಸಿತು.

1989ರಲ್ಲಿ ಚಿಗುಸಾಳ ನಿವೃತ್ತಿ, 1993ರಲ್ಲಿ ವಾಪಸ್ ಬಂದದ್ದು, ‘ಗಾಯಾ ಜಪಾನ್’ ಅನ್ನುವ ತನ್ನದೇ ಕುಸ್ತಿ ಕಂಪನಿ ಕಟ್ಟಿ ಮೇಕೊ ಸತೊಮುರಾ ಥರದ ರೆಸ್ಲರ್‌ಗಳನ್ನು ಬೆಳೆಸಿದ್ದು, ಇದೆಲ್ಲ ನೀವು ಬರೆದ ಹಾಗೇ ಇರಲಿ. ನಾನು ತಂಟೆಗೆ ಹೋಗುವುದಿಲ್ಲ.

ಕೊನೆಯ ಪುಟದ ಒಂದು ಸಾಲು ಮಾತ್ರ ಬಿಡಲಾರೆ. 2018ರಲ್ಲಿ ಸಪ್ಪೊರೊದಲ್ಲಿ ಹೆಂಗಸಿಗೆ ಹೊಡೆಯುತ್ತಿದ್ದ ಗಂಡಸನ್ನು ಚಿಗುಸಾ “ಒಂದೇ ಏಟಿಗೆ ನೆಲಕ್ಕುರುಳಿಸಿದಳು” ಅಂತ ಬರೆದಿದ್ದೀರಿ. ಉರುಳಿಸಲಿಲ್ಲ. ಬಿಡಿಸಲು ಹೋದಳು. ಅವನು ಅವಳ ಕೂದಲು ಹಿಡಿದೆಳೆದ. ಬೆರಳಿಗೆ ಪೆಟ್ಟಾಯಿತು. ತಾನು ಪ್ರೊ ರೆಸ್ಲರ್, ಹೊರಗಿನವರ ಮೇಲೆ ಕೈ ಎತ್ತಬಾರದು ಅಂತ ತಿರುಗಿ ಹೊಡೆಯಲಿಲ್ಲ. ಇಲ್ಲದ ಏಟನ್ನು ನೀವು ಯಾಕೆ ಹೊಡೆಸಿದಿರಿ?

ಈಗ ಹೀಗೆ ಮಾಡಿ. ಒಸಾಕಾ ಪಂದ್ಯದ ವಿಡಿಯೊ ನೋಡಿ. ಧ್ವನಿ ಪೂರ್ತಿ ಇಟ್ಟು ನೋಡಿ, ಆ ಹುಡುಗಿಯರ ಕೂಗು ಕೇಳಬೇಕು. ಆಮೇಲೆ ನಾಲ್ಕನೇ ಪುಟವನ್ನು ಡಂಪ್ ನಿಂತ ಕಡೆಯಿಂದ ಬರೆಯಿರಿ. ಪದಮಿತಿ ಈಗಿನಷ್ಟೇ. ಅವಳಿಗೆ ಜಾಗ ಸಾಲದಿದ್ದರೆ ಬೆಂಕಿ, ಹೂವು, ಫೀನಿಕ್ಸ್ ಮೂರನ್ನೂ ತೆಗೆಯಿರಿ. ಮುಂದಿನ ತಿಂಗಳು ಹತ್ತನೇ ತಾರೀಖಿನ ಒಳಗೆ ಕಳಿಸಿದರೆ ಜಾಗ ಇಟ್ಟಿರುತ್ತೇನೆ. ತಲೆಬರಹ ನಾನು ಹಾಕುತ್ತೇನೆ, ನೀವು ಹಾಕಬೇಡಿ.