ಸಂಪಾದಕರ ಉತ್ತರ: ‘ವೆರ್ದನ್’ ಸಿನಿಮಾದಲ್ಲಿ ನಿಜ ಎಷ್ಟು, ನಟನೆ ಎಷ್ಟು?

ಸರ್, ಪತ್ರಕ್ಕೆ ಥ್ಯಾಂಕ್ಸ್. ಹೋದ ಸಂಚಿಕೇಲಿ ನಾವು ಲಿಯೊನ್ ಪ್ವಾರಿಯೆ 1928ರಲ್ಲಿ ಮಾಡಿದ ‘ವೆರ್ದನ್, ಇತಿಹಾಸದ ದರ್ಶನಗಳು’ ಅನ್ನೋ ಫ್ರೆಂಚ್ ಮೂಕಿ ಚಿತ್ರವನ್ನ ಹೊಗಳಿದ್ವಿ. ಅದಕ್ಕೆ ನೀವು ಬರೆದಿದೀರಿ, ‘ನಿಜವಾದ ಯುದ್ಧದ ಫೂಟೇಜು, ನಟರ ಕೈಲಿ ಮಾಡಿಸಿದ ಸೀನು, ಎರಡನ್ನೂ ಬೆರೆಸಿಬಿಟ್ರೆ ಅದು ಸತ್ತವರಿಗೆ ಮಾಡೋ ಮೋಸ ಅಲ್ವಾ? ಸಾಲದ್ದಕ್ಕೆ ಪಾತ್ರಗಳಿಗೆ ಹೆಸರೂ ಇಲ್ಲ, ಯಾರಿಗೋಸ್ಕರ ಮರುಗೋದು?’ ಅಂತ. ಇದಕ್ಕೆ ನಾಲ್ಕು ಸಾಲಲ್ಲಿ ಉತ್ತರ ಕೊಡಕ್ಕಾಗಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಜಾಗ ತಗೊಂಡಿದೀನಿ.

ಮೊದಲು ಆ ಜಾಗದ ವಿಷಯ. ವೆರ್ದನ್ ಕದನ ಅಂದ್ರೆ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನ ವೆರ್ದನ್ ಸುತ್ತಮುತ್ತ ಫ್ರೆಂಚರಿಗೂ ಜರ್ಮನರಿಗೂ ಆದ ಕಾಳಗ. ಅದು 1916ರ ಫೆಬ್ರವರಿ 21ಕ್ಕೆ ಶುರುವಾಗಿ ಡಿಸೆಂಬರ್ 18ರವರೆಗೂ ನಡೀತು, ಎರಡೂ ಕಡೆ ಸೇರಿ ಸತ್ತವರೇ ಸುಮಾರು 3 ಲಕ್ಷ ಜನ. ಫ್ಲೂರಿ ಅಂತ ಒಂದು ಹಳ್ಳಿ ಇತ್ತು, ಷೆಲ್ ಬಿದ್ದೂ ಬಿದ್ದೂ ಪೂರ್ತಿ ನೆಲಸಮ ಆಗೋಯ್ತು, ಅದನ್ನ ಮತ್ತೆ ಕಟ್ಟಲೇ ಇಲ್ಲ. ಪ್ವಾರಿಯೆ ಸ್ಟುಡಿಯೋದಲ್ಲಿ ಸೆಟ್ ಹಾಕ್ಕೊಂಡು ಕೂರಲಿಲ್ಲ, ಕ್ಯಾಮೆರಾ ತಗೊಂಡು ಇದೇ ನೆಲಕ್ಕೆ ಹೋದ, ಆಗ ಕದನ ಮುಗಿದು ಹನ್ನೊಂದು ಹನ್ನೆರಡು ವರ್ಷ ಅಷ್ಟೇ ಆಗಿತ್ತು, ಗುಂಡಿಗಳು ಹಾಗೇ ಬಾಯಿ ತೆರಕೊಂಡು ಬಿದ್ದಿದ್ವು. ಸೈನಿಕರ ಪಾತ್ರಕ್ಕೆ ಅಲ್ಲಿ ಹೋರಾಡಿ ಬದುಕುಳಿದವರನ್ನೇ ಕರೆಸಿದ. ಜರ್ಮನ್ ಸೈನಿಕನ ಪಾತ್ರ ಮಾಡಿದ ಹಾನ್ಸ್ ಬ್ರೌಸೆವೆಟರ್ ಜರ್ಮನ್ ನಟನೇ. ಆ ಕದನದಲ್ಲಿ ಫ್ರೆಂಚ್ ಸೈನ್ಯ ನಡೆಸಿದ ಮಾರ್ಷಲ್ ಪೆತಾಂ ತಾನೇ ಬಂದು ತನ್ನ ಪಾತ್ರ ಮಾಡಿದ. (1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ಇದೇ ಪೆತಾಂ ಅಲ್ಲಿನ ವಿಶಿ ಸರ್ಕಾರದ ಮುಖ್ಯಸ್ಥನಾಗಿ ಹಿಟ್ಲರ್ ಜೊತೆ ಕೈ ಜೋಡಿಸಿದ, ಇವತ್ತು ಅವನ ಮುಖ ತೆರೆ ಮೇಲೆ ಬಂದ್ರೆ ನಂಗಂತೂ ಸಂಕಟ ಆಗತ್ತೆ.)

ಹಾಗಾದ್ರೆ ನಿಜ ಯಾವುದು, ನಟನೆ ಯಾವುದು ಅಂತ ಗುರುತಿಸೋದು ಹೇಗೆ? ಕ್ಯಾಮೆರಾ ಎಲ್ಲಿ ನಿಂತಿದೆ ಅಂತ ನೋಡಿ. ಆಗಿನ ಕ್ಯಾಮೆರಾ ಭಾರ, ಸ್ಟ್ಯಾಂಡ್ ಮೇಲಿಟ್ಟು ಕೈಯಲ್ಲಿ ಹಿಡಿ ತಿರುಗಿಸ್ತಾ ತೆಗೀಬೇಕಿತ್ತು, ಹಾಗಾಗಿ ಸೈನ್ಯದ ಕ್ಯಾಮೆರಾಮನ್‌ಗಳು ನಿಜವಾಗಿ ತೆಗೆದ ಯುದ್ಧ ಅಂದ್ರೆ ಹೆಚ್ಚಾಗಿ ದೂರದ ಹೊಗೆ, ಫಿರಂಗಿ ಹಾರಿಸೋದು, ದಾರಿ ತುಂಬ ಲಾರಿ, ನಡ್ಕೊಂಡು ಹೋಗ್ತಿರೋ ಪಡೆ, ಇಷ್ಟೇ. ಕಂದಕದಿಂದ ಮೇಲೆ ಹತ್ತಿ ಓಡಿಬರೋ ಸೈನಿಕರ ಮುಖ ನಮಗೆ ಎದುರಿಗೇ ಕಾಣ್ತಿದೆ ಅಂದ್ರೆ ಕ್ಯಾಮೆರಾ ಶತ್ರು ಕಡೆ ಬೆನ್ನು ಮಾಡಿ ಬಯಲಲ್ಲಿ ನಿಂತಿದೆ ಅಂತಾಯ್ತು, ಗುಂಡು ಹಾರ್ತಿರುವಾಗ ಯಾರೂ ಹಾಗೆ ನಿಲ್ಲಕ್ಕಾಗಲ್ಲ. ಇದೊಂದು ಗೊತ್ತಿದ್ರೆ ಈ ಸಿನಿಮಾದಲ್ಲಿ ಮುಕ್ಕಾಲು ಭಾಗ ನೀವೇ ಬೇರ್ಪಡಿಸ್ಬಹುದು.

ಸೈನ್ಯದ ಕ್ಯಾಮೆರಾ ತಲುಪದ ಜಾಗಗಳು ಇದ್ವಲ್ಲ, ಅಲ್ಲೇ ನಟನೆ ಬೇಕಾಗೋದು. ವೆರ್ದನ್ ಹತ್ತಿರದ ವೋ ಕೋಟೆ ತಗೊಳ್ಳಿ, 1916ರ ಜೂನ್‌ನಲ್ಲಿ ಜರ್ಮನರು ಮುತ್ತಿದಾಗ ಫ್ರೆಂಚ್ ಮೇಜರ್ ರೆನಾಲ್ ಮತ್ತವನ ಜನ ಒಳಗೆ ಸಿಕ್ಕಿಹಾಕೊಂಡಿದ್ರು, ಸುರಂಗದ ಒಳಗೇ ಕೈಕೈ ಮಿಲಾಯಿಸಿ ಹೊಡೆದಾಟ, ನೀರು ಖಾಲಿಯಾಗಿ ಗೋಡೆ ಮೇಲಿನ ಪಸೆ ನೆಕ್ಕಿದ್ರು, ಕೊನೇ ಪಾರಿವಾಳದ ಕಾಲಿಗೆ ಚೀಟಿ ಕಟ್ಟಿ ಬಿಟ್ರು, ಕಡೆಗೆ ಜೂನ್ 7ಕ್ಕೆ ಶರಣಾದ್ರು. ಆ ಕತ್ತಲಲ್ಲಿ ಯಾವ ಕ್ಯಾಮೆರಾ ಇತ್ತು ಹೇಳಿ? ಇಂಥದ್ದನ್ನ ಅದೇ ನೆಲದಲ್ಲಿ, ಅದನ್ನ ಕಂಡವರನ್ನೇ ನಿಲ್ಲಿಸಿ ಮತ್ತೆ ಮಾಡಿ ತೋರ್ಸಿದ್ದು ಮೋಸ ಅಂತ ನಾನು ಒಪ್ಪಲ್ಲ. ಅದು ಒಂಥರ ಸಾಕ್ಷಿ ಹೇಳಿದ ಹಾಗೆ.

ಮೋಸ ನಡೆದಿದ್ದು ಆಮೇಲೆ, ಅದೂ ಬೇರೆಯವರಿಂದ. ಈ ಚಿತ್ರದ ಶಾಟ್‌ಗಳನ್ನ ಕತ್ತರಿಸ್ಕೊಂಡು, ಎಲ್ಲಿಂದ ತಗೊಂಡ್ವಿ ಅಂತ ಹೇಳದೆ, ‘1916ರ ಅಸಲಿ ದೃಶ್ಯ’ ಅನ್ನೋ ಥರ ಎಷ್ಟೋ ಸಾಕ್ಷ್ಯಚಿತ್ರಗಳಲ್ಲಿ ಹಾಕ್ಕೊಂಡ್ರು, ಈಗಲೂ ಹಾಕ್ತಾರೆ. ನಿಮ್ಮ ಕೋಪ ನ್ಯಾಯವಾದದ್ದೇ ಸರ್, ಆದ್ರೆ ಅದು ಪ್ವಾರಿಯೆ ಮೇಲಲ್ಲ, ಇವರ ಮೇಲೆ ಹೋಗ್ಬೇಕು.

ಇನ್ನು ಹೆಸರಿನ ವಿಷಯ. ಫ್ರೆಂಚ್ ಸೈನಿಕ, ಜರ್ಮನ್ ಸೈನಿಕ, ತಾಯಿ, ಮುದುಕ ರೈತ, ಬುದ್ಧಿಜೀವಿ, ಹೀಗೇ ಪಾತ್ರಗಳು. ಬುದ್ಧಿಜೀವಿಯಾಗಿ ಮಾಡಿರೋದು ಆಂತೊನಾ ಆರ್ತೊ, ಮುಂದೆ ರಂಗಭೂಮಿಯಲ್ಲಿ ದೊಡ್ಡ ಹೆಸರಾದವನು, ಅವನ ಆ ಒಣಗಿದ ಮುಖ, ಉರಿಯೋ ಕಣ್ಣು ನೋಡಿ, ಹೆಸರು ಇಲ್ಲ ಅಂತ ಅನ್ಸೋದೇ ಇಲ್ಲ. ತಾಯಿ ಪಾತ್ರ ಮಾತ್ರ ನಂಗೂ ಭಾರ ಅನ್ಸತ್ತೆ, ದುಃಖದ ಬೊಂಬೆ ಮಾಡಿ ನಿಲ್ಲಿಸಿದಾರೆ, ಅಲ್ಲಿ ನಿಮ್ಮ ಮಾತೇ ಸರಿ. ಆದ್ರೆ ಹೆಸರಿಲ್ಲದೆ ಇರೋದ್ರಿಂದ ಒಂದು ದೊಡ್ಡ ಲಾಭ ಆಗಿದೆ, ಗೆದ್ದ ದೇಶದವರು ಯುದ್ಧ ಮುಗಿದ ಹತ್ತನೇ ವರ್ಷದ ನೆನಪಿಗೆ ಅಂತ ಮಾಡಿ, 1928ರ ನವೆಂಬರ್‌ನಲ್ಲಿ ಪ್ಯಾರಿಸ್ ಆಪೆರಾದಲ್ಲಿ ತೋರಿಸಿದ ಈ ಚಿತ್ರದಲ್ಲಿ ಜರ್ಮನ್ ಸೈನಿಕ ವಿಲನ್ ಅಲ್ಲ, ಅವನೂ ಅದೇ ಕೆಸರಲ್ಲಿ ಸಾಯೋ ಹುಡುಗ. ಅಷ್ಟು ಬೇಗ ಹೀಗೆ ನೋಡಕ್ಕೆ ಧೈರ್ಯ ಬೇಕು.

ನೋಡೋದಾದ್ರೆ 1931ರಲ್ಲಿ ಶಬ್ದ ಸೇರಿಸಿ ಬಿಟ್ಟ ಆವೃತ್ತಿ ಬೇಡ, ಮಾಸ್ಕೋದಲ್ಲಿ ಸಿಕ್ಕ ಪ್ರಿಂಟ್ ಇಟ್ಕೊಂಡು ಫ್ರಾನ್ಸ್‌ನ ತುಲೂಸ್‌ನಲ್ಲಿರೋ ಸಿನಿಮಾತೆಕ್‌ನವರು (ಹಳೇ ಸಿನಿಮಾ ಕಾಪಾಡೋ ಸಂಸ್ಥೆ) ಸರಿಪಡಿಸಿರೋ ಮೂಕಿ ಆವೃತ್ತಿ ನೋಡಿ. ಎರಡೂವರೆ ಗಂಟೆ ಇದೆ. ನೋಡಿದ್ಮೇಲೂ ನಿಮ್ಮ ಅಭಿಪ್ರಾಯ ಬದಲಾಗ್ಲಿಲ್ಲ ಅಂದ್ರೆ ಇನ್ನೊಂದು ಪತ್ರ ಬರೀರಿ, ಒಂದಕ್ಷರ ಕತ್ತರಿಸದೆ ಹಾಕ್ತೀವಿ.

– ಸಂ.